ಕಾಯಿ ಅಂದರೆ ಕಾಯಬೇಕು

ಆ ಬೆಳಿಗ್ಗೆ ಮಳೆ ಬರಲಿಲ್ಲ. ಬರಬೇಕಾಗಿದ್ದ ಮಳೆಯೆಲ್ಲ ಗಾಳಿಯಲ್ಲೇ ನಿಂತುಬಿಟ್ಟ ಹಾಗಿತ್ತು. ಶೆಡ್ಡಿನ ಕಬ್ಬಿಣದ ಷಟರು ಬೆವರಿತ್ತು. ಕಿಟಕಿಯ ಗಾಜಿನ ಮೇಲೆ ಬೆರಳಿಟ್ಟರೆ ಗುರುತು ಉಳಿದು, ಅದರ ತುದಿಯಿಂದ ಒಂದು ಹನಿ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಬೆಂಕಿಕಡ್ಡಿ ಗೀರಿದರೆ ಮದ್ದು ಮೆತ್ತಗೆ ಉದುರುತ್ತಿತ್ತು, ಹೊತ್ತುತ್ತಿರಲಿಲ್ಲ. ಇಂಥ ಹವೆಯನ್ನು ಮೇಲಿರುವವನು ಯಾತಕ್ಕಾಗಿ ಮಾಡಿದನೋ ಅವನಿಗೇ ಗೊತ್ತು. ಮಣ್ಣಿನೊಳಗಿನ ಬೀಜಕ್ಕೆ ಒಳ್ಳೆಯದಿರಬಹುದು. ಅಂಟಿಗೆ ಮಾತ್ರ ಕೇಡು.

ಆ ಶೆಡ್ಡಿನ ಕೆಲಸವೇ ಅಂಟಿಸುವುದು. ನಾವು ತಿಂದು ಎಸೆಯುವ ಪೊಟ್ಟಣ ಒಂದೇ ಹಾಳೆಯಂತೆ ಕಾಣುತ್ತದೆ, ಆದರೆ ಅದು ಎರಡು ಹಾಳೆ. ಹೊರಗಿನದು ಬಣ್ಣ ಹೊತ್ತ ಗಟ್ಟಿ ಹಾಳೆ. ಒಳಗಿನದು ತಿನ್ನುವ ಪದಾರ್ಥಕ್ಕೆ ಮೈ ತಾಗಿಸಿಕೊಂಡಿರುವ ಮೆತ್ತನೆಯ ಹಾಳೆ. ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಅಂಟು. ಆ ಅಂಟು ಎರಡು ಡಬ್ಬಗಳಿಂದ ಬರುತ್ತದೆ. ಶೆಡ್ಡಿನವರು ಒಂದನ್ನು ಹೆಂಡತಿ ಎನ್ನುತ್ತಿದ್ದರು, ಇನ್ನೊಂದನ್ನು ಗಂಡ. ಹೆಂಡತಿ ಜೇನಿನ ಹಾಗೆ ಮಂದ, ಎಲ್ಲಿಟ್ಟರೆ ಅಲ್ಲಿ ಇರುತ್ತಾಳೆ. ಗಂಡನದು ಸೂಕ್ಷ್ಮ ಮೈ. ಮುಚ್ಚಳ ಒಂದಿಷ್ಟು ಸರಿದಿದ್ದರೂ ಗಾಳಿಯ ತೇವ ಕುಡಿದು ಕೆಟ್ಟು ಕೂರುತ್ತಾನೆ. ಗಂಡ ಹೆಚ್ಚಾದರೆ ಹಾಳೆ ಸಿಡುಕುತ್ತದೆ, ಹೆಂಡತಿ ಹೆಚ್ಚಾದರೆ ಅಳು ನಿಲ್ಲುವುದಿಲ್ಲ ಎಂದು ಅಲ್ಲಿ ನಗುತ್ತಿದ್ದರು. ಅಳು ಎಂದರೆ ಜಿಗುಟು. ಗಂಡ ಕೆಟ್ಟ ಅಂಟು ಎಷ್ಟು ಕಾಲ ಕಳೆದರೂ ಒಣಗುವುದಿಲ್ಲ.

ಅಂಟಿಸಿದ ರೋಲನ್ನು ಕೂಡಲೇ ಕತ್ತರಿಸುವಂತಿಲ್ಲ. ಬೆಚ್ಚನೆಯ ಕೋಣೆಯಲ್ಲಿ ಸುಮ್ಮನೆ ಮಲಗಿಸಿಡಬೇಕು, ಒಳಗೊಳಗೇ ಇಬ್ಬರೂ ಒಂದಾಗಬೇಕು. ಆ ಕೋಣೆಗೆ ಹಣ್ಣಿನ ಕೋಣೆ ಎಂದು ಹೆಸರು. ರೋಲು ಅಲ್ಲಿ ಹಣ್ಣಾಗುತ್ತದೆ. ಹಣ್ಣಾಗುವ ತನಕ ಅದು ಕಾಯಿ. ನೋಡುವ ಬಗೆ ಸುಲಭ. ರೋಲಿನ ತುದಿಯಿಂದ ಒಂದು ಪಟ್ಟಿ ಕತ್ತರಿಸಿ, ಎರಡು ಹಾಳೆಯ ನಡುವೆ ಉಗುರು ತೂರಿಸಿ ಎಳೆಯಬೇಕು. ಹಣ್ಣಾಗಿದ್ದರೆ ಹಾಳೆ ಹರಿದೇ ಹೋಗುತ್ತದೆ ಹೊರತು ಬೇರೆಯಾಗುವುದಿಲ್ಲ. ಕಾಯಾಗಿದ್ದರೆ ನೂಲು ನೂಲಾಗಿ ಜಿಗುಟು ಎಳೆಯುತ್ತ ಎರಡೂ ಒಂದನ್ನೊಂದು ಬಿಟ್ಟುಕೊಡುತ್ತವೆ. ಅಂಥ ರೋಲಿನಲ್ಲಿ ಪೊಟ್ಟಣ ಮಾಡಿದರೆ ಅಂಟಿನ ಪಸೆ ಒಳಹಾಳೆಯನ್ನು ದಾಟಿ ತಿನ್ನುವುದರೊಳಕ್ಕೇ ಇಳಿಯುತ್ತದೆ.

ಶೆಡ್ಡು ಕಟ್ಟಿದ ತಂದೆಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಹೊರಗೆ ಓಡಾಡಿ ವ್ಯಾಪಾರ ಕಲಿತ. ಚಿಕ್ಕವನನ್ನು ಮೀಸೆ ಮೂಡುವ ಮೊದಲೇ ಅಂಟು ಕಲಸುವ ತಟ್ಟೆಯ ಮುಂದೆ ನಿಲ್ಲಿಸಿದರು. ಅವನು ಗಂಡನ ಹಬೆಯನ್ನು ವರ್ಷವರ್ಷಗಳ ಕಾಲ ಕುಡಿದ. ಕೊನೆಗೆ ಅವನ ಎದೆ ಒಂದು ದಿನ ಬಾಗಿಲು ಹಾಕಿಕೊಂಡಿತು. ಇವನ ಮೈ ಆ ಹಬೆಯನ್ನು ಇನ್ನು ಹಗೆಯೆಂದು ಗುರುತು ಹಿಡಿದುಕೊಂಡಿದೆ, ಸ್ವಲ್ಪ ಸೋಂಕಿದರೂ ಸಾಕು, ತಟ್ಟೆಯ ಹತ್ತಿರ ನಿಲ್ಲಿಸಬೇಡಿ, ಎಂದು ಡಾಕ್ಟರು ಹೇಳಿದರು. ಆಗ ತಂದೆ ಹಣ್ಣಿನ ಕೋಣೆಯ ಬೀಗದ ಕೈಯನ್ನು ಚಿಕ್ಕವನ ಅಂಗೈಯಲ್ಲಿಟ್ಟ. ಹೊರಗೆ ಕಿಟಕಿಯ ಕೆಳಗೆ ಬೆಂಚು, ಒಳಗೆ ಸುಮ್ಮನೆ ಮಲಗಿದ ರೋಲುಗಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋಗಿ ಪಟ್ಟಿ ತೆಗೆದು, ಹೊರಗೆ ಬಂದು ಎಳೆದು ನೋಡಿ ಒಂದು ಮಾತು ಹೇಳುವುದಷ್ಟೇ ಕೆಲಸ. ಆ ಮಾತು ಬಾಗಿಲಿನಿಂದ ಬಾರದೆ ಕತ್ತರಿಸುವವನು ರೋಲು ಮುಟ್ಟುವಂತಿರಲಿಲ್ಲ.

ಕೊಟ್ಟ ದಿನ ತಂದೆ ದೊಡ್ಡವನನ್ನು ಕರೆದು ಹೇಳಿದ್ದ: "ಇವನ ಉಸಿರು ನಾವು ತಗೊಂಡಿದೀವಿ. ಈ ಬೀಗದ ಕೈ ಇವನದು. ಇವನು ಕಾಯಿ ಅಂದ್ರೆ ರೋಲಿಗೆ ಹೇಳ್ತಿಲ್ಲ ಕಣೋ, ನಿಂಗೆ ಹೇಳ್ತಿದಾನೆ. ಕಾಯಿ ಅಂದ್ರೆ ಕಾಯಬೇಕು."

ತಂದೆ ದೈವಭಕ್ತ. ಕೆಲಸದ ನಡುವೆ ಕೈ ಒರೆಸಿಕೊಳ್ಳುತ್ತ, ಮೈಯೊಂದು ಹಾಳೆ, ಜೀವವೊಂದು ಹಾಳೆ, ನಡುವೆ ಮೇಲಿರುವವನು ಸವರಿದ ಅಂಟೇ ಉಸಿರು ಎನ್ನುತ್ತಿದ್ದ. ಆ ಅಂಟು ಅವನಲ್ಲಿ ಬಿಟ್ಟುಕೊಂಡ ಮೇಲೆ ಶೆಡ್ಡು, ಮನೆ, ಮನೆಯ ಹಿಂದಿನ ಕೋಣೆ ಎಲ್ಲವೂ ದೊಡ್ಡವನ ಕೈಗೆ ಬಂದವು. ಹಿಂದಿನ ಕೋಣೆಯಲ್ಲಿ ಚಿಕ್ಕವನೂ ಅವನ ಹೆಂಡತಿಯೂ ಇದ್ದರು. ಬೀಗದ ಕೈ ಅವನಲ್ಲೇ ಉಳಿಯಿತು.

ಚಿಕ್ಕವನಿಗೆ ಕೆಮ್ಮಣ್ಣ ಎಂದು ಹೆಸರಿಟ್ಟವನು ಕತ್ತರಿಸುವ ಮೆಷಿನ್ನಿನವನು. ಅವನಿಗೂ ಒಂದು ಹೆಸರಿತ್ತು, ಬ್ಲೇಡಪ್ಪ. ಬ್ಲೇಡಿನ ಕೆಲಸ ಮಾಡುತ್ತಿದ್ದುದಕ್ಕೂ ಹೌದು, ಮಾತಾಡಿ ಮಾತಾಡಿ ಎದುರಿನವರ ತಲೆ ಕೊಯ್ಯುತ್ತಿದ್ದುದಕ್ಕೂ ಹೌದು. "ನಮ್ಮ ಶೆಡ್ಡಿಗೆ ಗೋಡೆ ಬಳಿಯೋಕೆ ಮಣ್ಣು ತರೋದೇ ಬೇಡ, ಕೆಮ್ಮಣ್ಣ ಇಲ್ಲೇ ಇದಾನೆ" ಎಂದು ಅವನು ಒಂದು ದಿನ ಅಂದಾಗ ದೊಡ್ಡವನು ಹೊಟ್ಟೆ ಹಿಡಿದುಕೊಂಡು ನಕ್ಕ. ಯಜಮಾನ ನಕ್ಕ ಮೇಲೆ ಹೆಸರು ಅಂಟಿತು. ಆ ಶೆಡ್ಡಿನಲ್ಲಿ ಅಷ್ಟು ಬೇಗ ಹಣ್ಣಾದ ಅಂಟು ಇನ್ನೊಂದಿರಲಿಲ್ಲ.

ದೊಡ್ಡವನ ಹೆಂಡತಿಯನ್ನು ಎಲ್ಲರೂ ಅತ್ತಿಗೆ ಎನ್ನುತ್ತಿದ್ದರು. ಅವಳು ಮದುವೆಯಾಗಿ ಆ ಮನೆಗೆ ಬಂದಾಗ ಕೆಮ್ಮಣ್ಣನಿಗೆ ಇನ್ನೂ ಹಾಲುಹಲ್ಲು. ಅವನ ತಲೆ ಬಾಚಿದವಳೂ ಅವಳೇ, ಬಾಚಣಿಗೆಯಲ್ಲೇ ತಲೆಗೆ ಕುಟ್ಟಿದವಳೂ ಅವಳೇ. ಗಂಡನ ಬಾಯಿಂದ ಒಂದು ಮೆಚ್ಚಿಕೆಯ ಮಾತು ಕೇಳದೆ ಅವಳ ತಲೆ ನರೆಯುತ್ತ ಬಂದಿತ್ತು.

ಇನ್ನು ಆ ಬೆಳಿಗ್ಗೆಯ ವಿಚಾರ. ಅಂಟಿನ ಮೆಷಿನ್ನು ನಡೆಸುತ್ತಿದ್ದವನು ಕೆಲಸ ಬಿಟ್ಟುಹೋಗಿದ್ದ. ಎಳೆಮಕ್ಕಳ ಗಂಜಿಹಿಟ್ಟಿನ ಪೊಟ್ಟಣಕ್ಕೆ ಹಾಳೆ ಬೇಕೆಂದು ಅವಸರದ ಬೇಡಿಕೆ ಬಂದಿತ್ತು. ಹಿಂದಿನ ದಿನಗಳಲ್ಲಿ ದೊಡ್ಡವನು ತಾನೇ ನಿಂತು ರೋಲುಗಳನ್ನು ಅಂಟಿಸಿದ್ದ. ಮಾತಿನ ನಡುವೆ, ಫೋನಿನ ನಡುವೆ. ಗಂಡನ ಡಬ್ಬದ ಮುಚ್ಚಳ ಅರ್ಧ ತೆರೆದೇ ಇತ್ತು. ಆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಕೆಮ್ಮಣ್ಣ ದೂರದಿಂದಲೇ ಅದನ್ನು ನೋಡಿದ. ಡಬ್ಬದ ಅಂಚಿಗೆ ಬಿಳಿಯ ಹೊಪ್ಪಳೆ ಕಟ್ಟಿತ್ತು. ಬಟ್ಟೆಯಿಂದ ಮೂಗು ಮುಚ್ಚಿಕೊಂಡು, ಕೈ ಉದ್ದಕ್ಕೆ ಚಾಚಿ ಮುಚ್ಚಳ ಸರಿಮಾಡಿ ಬಂದ. ಆಮೇಲೆ ಹಣ್ಣಿನ ಕೋಣೆಯ ಬೀಗ ತೆಗೆದು ಪಟ್ಟಿ ಹರಿದು ತಂದು ಬೆಂಚಿನ ಮೇಲೆ ಕುಳಿತು ಎಳೆದ. ಎರಡು ಹಾಳೆಯೂ ಒದ್ದೆ ಬಟ್ಟೆಯಂತೆ ಬಿಟ್ಟುಕೊಂಡವು. ಬೆರಳಿಗೆ ಹತ್ತಿದ ಜಿಗುಟನ್ನು ಗೋಡೆಗೆ ಒರೆಸಿದ.

ಅಷ್ಟರಲ್ಲಿ ಲಾರಿ ಬಂತು. ಅದರ ಹಿಂದೆಯೇ ದೊಡ್ಡವನೂ ಬಂದ.

"ಏನೋ, ಹಣ್ಣಾಯ್ತಾ?"

"ಕಾಯಿ, ಅಣ್ಣ."

"ಲಾರಿ ನಿಂತಿದೆ."

"ನಿಲ್ಲಲಿ. ಇದು ನಾಳೆಗೂ ಆಗಲ್ಲ. ಗಂಡ ತೇವ ಕುಡಿದಿದಾನೆ. ಮುಚ್ಚಳ ತೆಗೆದಿತ್ತು."

ಅವನು ಅದನ್ನು ದೂರಾಗಿ ಹೇಳಲಿಲ್ಲ. ಹವೆ ಹೇಗಿದೆ ಎಂದು ಹೇಳುವ ಹಾಗೆ ಹೇಳಿದ. ಆದರೆ ಬ್ಲೇಡಪ್ಪ ಅಲ್ಲೇ ಇದ್ದ. ಅವನ ನಾಲಿಗೆ ಸುಮ್ಮನಿರಬೇಕಲ್ಲ.

"ಹಂಗಾದ್ರೆ ದೊಡ್ಡಣ್ಣನ ಕೈಯಲ್ಲಿ ಗಂಡ ಕೆಟ್ಟ ಅನ್ನಿ" ಎಂದ.

ಲಾರಿಯವನು ನಕ್ಕ. ಹಾಳೆ ಹೊರುವ ಹೆಂಗಸರಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ದೊಡ್ಡವನೂ ನಕ್ಕ. ಅವನಿಗೆ ಸಿಟ್ಟು ಬಂದಾಗ ದನಿ ಏರುತ್ತಿರಲಿಲ್ಲ, ಇನ್ನೂ ಮೆತ್ತಗಾಗುತ್ತಿತ್ತು.

"ನಿಜ ಕಣಪ್ಪ. ನಂಗೆ ಕಲಸೋಕೆ ಬರಲ್ಲ. ನಮ್ಮ ಮನೇಲಿ ಬಲ್ಲವನು ನೀನೊಬ್ಬನೇ. ಬಾ, ಇವತ್ತು ನೀನೇ ಕಲಸು. ಎಲ್ಲರೂ ನೋಡಿ ಕಲಿಯೋಣ." ಆಮೇಲೆ ಅಂಗೈ ಚಾಚಿದ. "ಬೀಗದ ಕೈ ಕೊಡು. ಎರಡೂ ಕೆಲಸ ನೀನೊಬ್ಬನೇ ಹೇಗೆ ಮಾಡ್ತೀಯ? ಇವತ್ತೊಂದು ದಿನಕ್ಕೆ. ಸಂಜೆ ವಾಪಸ್ ಕೊಡ್ತೀನಿ."

ಹಾಳೆ ಹೊರುತ್ತಿದ್ದ ಹೆಂಗಸರಲ್ಲಿ ಒಬ್ಬಳು ಕೆಮ್ಮಣ್ಣನ ಹೆಂಡತಿ. ಮನೆಯಲ್ಲಿ ಅವಳನ್ನು ಚಿಕ್ಕವಳು ಎಂದೇ ಕರೆಯುತ್ತಿದ್ದರು. ಹೊತ್ತದ್ದನ್ನು ಕೆಳಗಿಟ್ಟು ಬಂದಳು.

"ಭಾವ, ಅವರು ತಟ್ಟೆ ಹತ್ರ ನಿಲ್ಲಬಾರ್ದು ಅಂತ ಡಾಕ್ಟ್ರು ಹೇಳಿದಾರಲ್ಲ."

"ಹೇಳಿದಾರಮ್ಮ. ನೀವಿರೋ ಹಿಂದಿನ ಕೋಣೆಗೆ ಬಾಗಿಲು ಹಾಕ್ಸಿಕೊಟ್ಟಿದ್ದೂ ಅವರೇನಾ?"

ಕೆಮ್ಮಣ್ಣ ಎದ್ದ. ಅವನು ಬೀಗದ ಕೈ ಕೊಟ್ಟದ್ದು ಅಣ್ಣನ ಹೆದರಿಕೆಗೆ ಎಂದು ಕೆಲವರು ತಿಳಿದರು. ಅದೂ ಇರಬಹುದು. ಅವನು ಆ ಹೊತ್ತಿನಲ್ಲಿ ನೋಡಿದ್ದು ಅಣ್ಣನನ್ನಲ್ಲ, ಕೈ ಒದರಿಕೊಳ್ಳುತ್ತ ನಿಂತ ತನ್ನ ಹೆಂಡತಿಯನ್ನು. ಬಟ್ಟೆಯೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ ಮೂಗು ಬಾಯಿಗೆ ಕಟ್ಟಿಕೊಂಡು ಗಾಜಿನ ಗೋಡೆಯ ಆ ಕಡೆಗೆ, ತಟ್ಟೆಯ ಕೋಣೆಗೆ, ನಡೆದ.

ದೊಡ್ಡವನು ಬೀಗದ ಕೈಯನ್ನು ಆಗ ತಾನೇ ಮನೆಯಿಂದ ಬಂದ ಹೆಂಡತಿಗೆ ಕೊಟ್ಟು, "ಪಟ್ಟಿ ನೋಡಿ ಹೇಳು. ಬೇಗ" ಎಂದು ಲಾರಿಯವನ ಹತ್ತಿರ ಹೋದ.

ಅತ್ತಿಗೆ ಪಟ್ಟಿ ತೆಗೆದು ಬಾಗಿಲಲ್ಲಿ ನಿಂತು ಎಳೆದಳು. ಅದು ಅವಳಿಗೂ ಬಿಟ್ಟುಕೊಂಡಿತು. ಹೆಬ್ಬೆರಳಿಗೆ ಅಂಟಿಕೊಂಡ ಒಳಹಾಳೆಯನ್ನು ತೋರುಬೆರಳಿನಿಂದ ಬಿಡಿಸಲು ಹೋದರೆ ತೋರುಬೆರಳಿಗೆ ಅಂಟಿತು. ಹಾಗೆ ಬಿಡಿಸಿಕೊಳ್ಳುತ್ತಲೇ ಗಾಜಿನ ಕಡೆ ನೋಡಿದಳು.

ಗಾಜಿನ ಆ ಕಡೆ ಕೆಮ್ಮಣ್ಣ ಗಂಡನ ಹೊಸ ಡಬ್ಬ ಒಡೆದು, ಎರಡನ್ನೂ ತೂಕ ಮಾಡಿ ತಟ್ಟೆಗೆ ಸುರಿದಿದ್ದ. ಕೋಲಿನಿಂದ ಕಲಸುತ್ತಿದ್ದ. ಮೊದಲು ಭುಜ ಮೇಲೇರಿತು. ಆಮೇಲೆ ಕುತ್ತಿಗೆಯ ನರ ಹಗ್ಗದಂತೆ ಎದ್ದಿತು. ಕೆಮ್ಮು ಬರುತ್ತಿದ್ದರೆ ಗಾಳಿ ಇದೆ ಎಂದು ಅರ್ಥ. ಸ್ವಲ್ಪ ಹೊತ್ತಿನಲ್ಲಿ ಕೆಮ್ಮೂ ನಿಂತಿತು. ಬ್ಲೇಡಪ್ಪ ತನ್ನ ಮೆಷಿನ್ನಿನ ಪಕ್ಕದಲ್ಲಿ ನಿಂತು ಎದೆ ಹಿಡಿದುಕೊಂಡು ಕಣ್ಣು ಮೇಲೆ ಮಾಡಿ ಅವನ ಹಾಗೇ ಮಾಡಿ ತೋರಿಸುತ್ತಿದ್ದ. ಹೆಂಗಸರು ನಗುವುದೋ ಬೇಡವೋ ತಿಳಿಯದೆ ನಿಂತಿದ್ದರು. ಕೆಮ್ಮಣ್ಣ ಕೋಲು ಬಿಟ್ಟು ತಟ್ಟೆಯ ಅಂಚು ಹಿಡಿದ. ಮತ್ತೆ ನೆಲಕ್ಕೆ ಕುಳಿತ, ನಿಧಾನವಾಗಿ, ಯಾರೋ ಕೂರಿಸಿದ ಹಾಗೆ. ತುಟಿಯ ಬಣ್ಣ ಬದಲಾಗಿತ್ತು. ಚಿಕ್ಕವಳು ಗಾಜಿನ ಬಾಗಿಲು ತಳ್ಳಿ ಒಳಗೆ ಓಡಿದಳು.

ಅದೇ ಹೊತ್ತಿಗೆ ಮೆಷಿನ್ನಿನ ಸದ್ದಿನ ಮೇಲೆ ಬ್ಲೇಡಪ್ಪ ಕೂಗಿ ಕೇಳಿದ, "ಅತ್ತಿಗೇ, ಹಣ್ಣಾಯ್ತಾ?"

ಅವಳ ಕಣ್ಣು ಗಾಜಿನ ಮೇಲಿತ್ತು. ಅವಳ ಬಾಯಿಂದ ಬಂದ ಮಾತು, "ಹಣ್ಣಾಗಿಬಿಟ್ಟ."

ಬಸವಳಿದು ಕುಸಿದವನನ್ನು ಕಂಡರೆ ಯಾರಾದರೂ ಅನ್ನುವ ಮಾತು ಅದು. ಅವಳು ಅಂದದ್ದು ತಾನು ಬಾಚಣಿಗೆಯಲ್ಲಿ ತಲೆ ಬಾಚಿದ ಹುಡುಗನನ್ನು ಕುರಿತು. ಬ್ಲೇಡಪ್ಪನ ಕಿವಿಗೆ ಬಿದ್ದದ್ದು ಮಾತಿನ ಮೊದಲ ಅರ್ಧ. ಕೊನೆಯ ಅರ್ಧವನ್ನು ಮೆಷಿನ್ನು ತಿಂದಿತು. ಮಾತು ಬಂದದ್ದು ಹಣ್ಣಿನ ಕೋಣೆಯ ಬಾಗಿಲಿನಿಂದ. ಅವನಿಗೆ ಅಷ್ಟು ಸಾಕು. ಕೈಗಾಡಿ ತಳ್ಳಿಕೊಂಡು ಬಂದು, ಅವಳ ಪಕ್ಕದಿಂದಲೇ ಒಳಗೆ ಹೋಗಿ ಮೊದಲ ರೋಲನ್ನು ಹೊರಳಿಸಿಕೊಂಡ.

ಅವಳಿಗೆ ತಿಳಿಯಿತು. ತಿಳಿಯುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ರೋಲು ಬ್ಲೇಡಿಗೆ ಏರುವ ಮುಂಚೆ ಒಂದೇ ಮಾತಿನಲ್ಲಿ ತಿದ್ದಬಹುದಾಗಿತ್ತು. ಬಾಯಿ ತೆರೆದಳು ಕೂಡ. ಆಗ ದೊಡ್ಡವನು ಲಾರಿಯ ಕಡೆಯಿಂದ ಬಂದು, ರೋಲು ಹೊರಡುತ್ತಿರುವುದನ್ನು ನೋಡಿ, ಅವಳ ಬೆನ್ನು ತಟ್ಟಿದ. "ನೋಡು, ನಮ್ಮ ಮನೇಲಿ ನೀನೊಬ್ಳಾದ್ರೂ ಬುದ್ಧಿ ಇರೋಳು" ಎಂದ. ಇಷ್ಟು ವರ್ಷಕ್ಕೆ ಬಂದ ಮೆಚ್ಚಿಕೆ. ಅವಳು ಬಾಯಿ ಮುಚ್ಚಿದಳು. ಬೆರಳಿಗೆ ಅಂಟಿದ್ದ ಹಾಳೆ ಇನ್ನೂ ಬಿಟ್ಟಿರಲಿಲ್ಲ.

ಕೆಮ್ಮಣ್ಣನನ್ನು ಇಬ್ಬರು ಹಿಡಿದು ಹೊರಗೆ ತಂದು ಗಾಳಿಗೆ ಕೂರಿಸಿದರು. ಗಾಳಿಯೂ ಆ ದಿನ ನೀರಿನಂತೆಯೇ ಇತ್ತು. ಆಸ್ಪತ್ರೆಗೆ ಒಯ್ದರು, ಮದ್ದು ಹಬೆಯಾಗಿ ಕೊಟ್ಟರು, ಮನೆಗೆ ಬಂದ. ಸಂಜೆ ಚಿಕ್ಕವಳು ದೊಡ್ಡ ಮನೆಯ ಅಡಿಗೆಮನೆಯ ಹೊಸಿಲಲ್ಲಿ ನಿಂತು, "ಅಕ್ಕ, ಬೀಗದ ಕೈ ಇಸ್ಕೊಂಡು ಬಾ ಅಂದ್ರು" ಎಂದಳು. ಅತ್ತಿಗೆ ಒಲೆಯ ಕಡೆಯಿಂದ ತಿರುಗಲಿಲ್ಲ. ಅವನು ಮೊದಲು ಎದ್ದು ಓಡಾಡಲಿ, ಬೀಗದ ಕೈ ಎಲ್ಲಿಗೆ ಹೋಗುತ್ತೆ ಎಂದಳು. ಚಿಕ್ಕವಳು ಬರಿಗೈಯಲ್ಲಿ ಹಿಂದಿನ ಕೋಣೆಗೆ ಹೋದಳು.

ಕೆಲವು ದಿನ ಕಳೆದವು. ಕೆಮ್ಮಣ್ಣ ಗೋಡೆ ಹಿಡಿದು ನಡೆಯುವಷ್ಟಾಗಿ, ಬೆಂಚಿನ ವರೆಗೆ ಬಂದು ಕೂರುತ್ತಿದ್ದ. ಬಾಗಿಲಿನ ಬೀಗವನ್ನು ಬೇರೆ ಕೈ ತೆಗೆಯುವುದನ್ನು ನೋಡುತ್ತ ಕೂರುತ್ತಿದ್ದ. ಬೀಗದ ಕೈ ಕೇಳುತ್ತಿರಲಿಲ್ಲ. ಕಾಯುವುದು ಅವನಿಗೆ ಹೊಸದಲ್ಲ.

ಆಮೇಲೆ ಲಾರಿ ವಾಪಸ್ ಬಂತು, ಹೋದ ಮಾಲನ್ನೇ ಹೊತ್ತುಕೊಂಡು. ಜೊತೆಗೆ ಹಿಟ್ಟಿನ ಕಾರ್ಖಾನೆಯ ಅಧಿಕಾರಿಯೂ ಬಂದ. ಅವನು ಕೂಗಾಡುವವನಲ್ಲ. ಚೀಲದಿಂದ ಒಂದು ಪೊಟ್ಟಣ ತೆಗೆದು, ಅಂಚು ಹಿಡಿದು ಎಳೆದ. ಮಗುವೊಂದರ ನಗುವ ಮುಖದ ಚಿತ್ರವಿದ್ದ ಹೊರಹಾಳೆ ಪೂರ್ತಿಯಾಗಿ ಸುಲಿದು ಅವನ ಕೈಗೆ ಬಂತು. ಒಳಹಾಳೆಯನ್ನು ಒಡೆದು ಹಿಟ್ಟನ್ನು ದೊಡ್ಡವನ ಮೇಜಿನ ಮೇಲೆ ಸುರಿದ.

"ಮೂಸಿ ನೋಡಿ" ಎಂದ.

ದೊಡ್ಡವನು ಮೂಸಿದ. ಹಿಟ್ಟಿಗೆ ತಟ್ಟೆಯ ಕೋಣೆಯ ವಾಸನೆ.

"ಇದು ಹಲ್ಲು ಬಾರದ ಮಕ್ಕಳು ತಿನ್ನೋದು. ಅಂಗಡಿಗೆ ಹೋಗೋ ಮುಂಚೆ ನಮ್ಮವರು ಹಿಡಿದ್ರು, ದೇವರು ದೊಡ್ಡವನು. ನಿಮ್ಮಲ್ಲಿ ಒಬ್ಬರು ಹೇಳದೆ ರೋಲು ಆಚೆ ಬರಲ್ಲ ಅಂತಿದ್ರಲ್ಲ, ಯಾರದು ಆ ಮಾತು?"

ಎಲ್ಲರೂ ಸೇರಿದ್ದರು. ಬ್ಲೇಡಪ್ಪ ಜೀವನದಲ್ಲಿ ಮೊದಲ ಸಲ ಚಿಕ್ಕದಾಗಿ ಮಾತಾಡಿದ. ಹಣ್ಣಾಯಿತು ಎಂಬ ಮಾತು ಬಾಗಿಲಿನಿಂದ ಬಂತು, ತಾನು ಕತ್ತರಿಸಿದೆ ಎಂದಷ್ಟೇ ಹೇಳಿದ. ಬಾಗಿಲಲ್ಲಿ ಯಾರಿದ್ದರು ಎಂದು ಹೇಳಲಿಲ್ಲ. ಯಜಮಾನನ ಮುಖ ನೋಡಿಕೊಂಡೇ ಅನ್ನ ತಿನ್ನುವವನು ಅವನು.

ದೊಡ್ಡವನು ಹೆಂಡತಿಯ ಕಡೆ ನೋಡಿದ. ಅವಳು ಮೇಲಂಗಿಯ ಜೇಬಿನೊಳಗೆ ಕೈಯಿಟ್ಟು ನಿಂತಿದ್ದಳು. ಆ ಕೈಯೊಳಗೆ ಬೀಗದ ಕೈ ಇತ್ತು. ಅವನು ಆ ಕಡೆಯಿಂದ ಕಣ್ಣು ತೆಗೆದು ಬೆಂಚಿನಲ್ಲಿ ಕೂತಿದ್ದ ಕೆಮ್ಮಣ್ಣನ ಮೇಲೆ ಇಟ್ಟ.

"ನನ್ನ ತಮ್ಮ. ಆ ಬಾಗಿಲು ಕಾಯೋನು ಅವನೇ. ಏನು ಮಾಡೋದು ಸ್ವಾಮಿ, ಕೆಮ್ಮಿ ಕೆಮ್ಮಿ ಮೂಗು ಸತ್ತಿದೆ, ಬೆರಳೂ ಸತ್ತಿದೆ. ನಮ್ಮವನಲ್ವಾ ಅಂತ ಇಟ್ಕೊಂಡಿದ್ದೆ."

ಕೆಮ್ಮಣ್ಣ ಅತ್ತಿಗೆಯನ್ನು ನೋಡಿದ. ಅವನಿಗೆ ಗೊತ್ತಿದ್ದದ್ದು ಎರಡು ವಿಷಯ: ಆ ದಿನ ತಾನು ಕಾಯಿ ಎಂದದ್ದು, ಆಮೇಲೆ ಬೀಗದ ಕೈ ಇದ್ದದ್ದು ಅವಳ ಹತ್ತಿರ. ಅವನು ಅವಳ ಮೇಲೆ ತಪ್ಪು ಹೊರಿಸುವವನ ಹಾಗೆ ನೋಡಲಿಲ್ಲ. ಪಟ್ಟಿ ಎಳೆದು ಹಿಡಿದು, ಹರಿಯುತ್ತದೋ ಬಿಡುತ್ತದೋ ಎಂದು ನೋಡುವ ಹಾಗೆ ನೋಡಿದ. ಅವಳು ನೆಲ ನೋಡಿದಳು.

ಅವನು ತಾನೇ ಹೇಳಲು ಎದ್ದ. ಬಾಯಿ ತೆರೆದ. ಬಂದದ್ದು ಕೆಮ್ಮು. ಒಂದಾದ ಮೇಲೊಂದು, ಬಗ್ಗಿ, ಮೊಣಕಾಲು ಹಿಡಿದು, ಕಣ್ಣಲ್ಲಿ ನೀರು ಬರುವ ತನಕ. ಆ ನೀರನ್ನು ನೋಡಿದ ಅಧಿಕಾರಿ, ಸಾಕು, ಕೂತ್ಕೊಳ್ಳಲಿ ಬಿಡಿ, ಪಶ್ಚಾತ್ತಾಪ ಪಡ್ತಿದಾನೆ ಎಂದ. ಇನ್ನು ಮೇಲೆ ಈ ಮನುಷ್ಯ ರೋಲಿನ ಹತ್ತಿರ ಕಂಡರೆ ನಮ್ಮ ಬೇಡಿಕೆ ಬೇರೆ ಕಡೆಗೆ ಹೋಗುತ್ತದೆ ಎಂದೂ ಹೇಳಿ ಹೊರಟುಹೋದ.

ಹೀಗೆ ಒಬ್ಬನ ಕೆಮ್ಮು ಅವನ ಒಪ್ಪಿಗೆಯಾಯಿತು. ದೇವರ ಕಿವಿಗೆ ಎಲ್ಲವೂ ಸರಿಯಾಗಿ ಕೇಳುತ್ತದೆ ಎಂದು ನಾವು ನಂಬುತ್ತೇವೆ. ಆದರೆ ಅವನು ಅಲ್ಲಿಯೇ ತೀರ್ಪು ಹೇಳುವುದಿಲ್ಲ, ಅವನೂ ಕಾಯುತ್ತಾನೆ. ಅವನು ಕಾಯುವಷ್ಟು ದಿನ ಕೆಳಗಿನವರು ಉಸಿರಾಡಬೇಕಾಗುತ್ತದೆ, ಕಷ್ಟ ಇರುವುದು ಅಲ್ಲಿ.

ಆ ಮಧ್ಯಾಹ್ನವೇ ದೊಡ್ಡವನು ಹಿಂದಿನ ಕೋಣೆಯ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಮೆತ್ತಗಿನ ದನಿಯಲ್ಲೇ ಹೇಳಿದ. ತಮ್ಮ ಇನ್ನು ಶೆಡ್ಡಿಗೆ ಬರಬೇಕಾಗಿಲ್ಲ, ಆರಾಮಾಗಿರಲಿ. ತಾನೇನು ಮನೆ ಬಿಡು ಎನ್ನುವ ಕಟುಕನಲ್ಲ. ಆದರೆ ತಟ್ಟೆಯ ಮುಂದೆ ನಿಲ್ಲುವವರು ಯಾರೂ ಸಿಗುತ್ತಿಲ್ಲ, ಬಂದವರೆಲ್ಲ ಕೆಮ್ಮಣ್ಣನ ಕಥೆ ಕೇಳಿ ಓಡುತ್ತಿದ್ದಾರೆ. ಅವನ ಕಥೆಯಿಂದ ಕೆಲಸ ನಿಂತಿರುವಾಗ ಅವನ ಮನೆಯವರೇ ನಿಲ್ಲುವುದು ನ್ಯಾಯವಲ್ಲವೇ?

"ನಾಳೆಯಿಂದ ಚಿಕ್ಕವಳು ಕಲಸ್ಲಿ" ಎಂದ.

ಕೆಮ್ಮಣ್ಣ ಅಂದು ಅಣ್ಣನ ಕಾಲು ಹಿಡಿದ. ತನ್ನನ್ನೇ ನಿಲ್ಲಿಸು ಎಂದ. ದೊಡ್ಡವನು ಕಾಲನ್ನು ಮೆಲ್ಲಗೆ ಬಿಡಿಸಿಕೊಂಡ, ಕಾಯಿ ರೋಲಿನ ಹಾಳೆ ಬಿಡಿಸಿಕೊಳ್ಳುವ ಹಾಗೆ. "ನೀನು ಸತ್ತರೆ ನಂಗೆ ಕೆಟ್ಟ ಹೆಸರು ಕಣೋ" ಎಂದ.

ಚಿಕ್ಕವಳು ನಿಂತಳು. ಗಂಡ ಹೇಳಿಕೊಟ್ಟ ಹಾಗೆ ಬಟ್ಟೆಯನ್ನು ಎರಡು ಸುತ್ತು ಕಟ್ಟಿಕೊಂಡಳು, ಡಬ್ಬದ ಮುಚ್ಚಳ ತೆಗೆದ ಕೂಡಲೇ ಹಾಕಿದಳು, ಕಲಸುವಾಗ ಮುಖ ಪಕ್ಕಕ್ಕೆ ತಿರುಗಿಸಿದಳು. ಬಾಗಿಲಿನ ಮೇಲಿನ ಫ್ಯಾನು ಕೆಟ್ಟು ಬಹಳ ಕಾಲವಾಗಿತ್ತು. ಹಾಕಿಸೋಣ ಎಂದು ದೊಡ್ಡವನು ಹೇಳುತ್ತಿದ್ದ. ಪ್ರತಿ ದಿನ ಕೆಮ್ಮಣ್ಣ ಹಿಂದಿನ ಕೋಣೆಯ ಕಿಟಕಿಯಲ್ಲಿ ಕೂತು ಅವಳು ಬರುವುದನ್ನು ನೋಡುತ್ತಿದ್ದ. ಬಂದವಳು ಹೊಸಿಲು ದಾಟುವ ಮೊದಲು ಅವನು ಕಿವಿಗೊಡುತ್ತಿದ್ದ. ಅವಳೂ ಅದಕ್ಕೇ ಹೊಸಿಲಿನ ಹೊರಗೇ ನಿಂತು, ಗಂಟಲಲ್ಲಿದ್ದದ್ದನ್ನು ನುಂಗಿಕೊಂಡು, ಆಮೇಲೆ ಒಳಗೆ ಬರುತ್ತಿದ್ದಳು.

ಅತ್ತಿಗೆ ಈಗ ಹಣ್ಣಿನ ಕೋಣೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಅವಳು ಪಟ್ಟಿ ಎಳೆದು ಸರಿಯಾಗಿಯೇ ಹೇಳುತ್ತಿದ್ದಳು. ಕಾಯಿ ಇದ್ದರೆ ಕಾಯಿ. ಆದರೆ ಹಣ್ಣು ಎಂದು ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸಿದ್ದಳು; ತಲೆ ಆಡಿಸುತ್ತಿದ್ದಳು, ಬ್ಲೇಡಪ್ಪ ಹತ್ತಿರ ಬಂದು ನೋಡಿ ಹೋಗಬೇಕಾಗುತ್ತಿತ್ತು. ಚಿಕ್ಕವಳು ಅವಳೊಡನೆ ಮಾತು ಬಿಟ್ಟಿರಲಿಲ್ಲ. ಎಂದಿನಂತೆ ಅಕ್ಕ ಎನ್ನುತ್ತಿದ್ದಳು. ಅದನ್ನು ಕೇಳಿಸಿಕೊಳ್ಳುವುದೇ ಹೆಚ್ಚು ಕಷ್ಟವಾಗಿತ್ತು.

ಮತ್ತೊಂದು ಬೆಳಿಗ್ಗೆ, ಮೊದಲಿನ ಬೆಳಿಗ್ಗೆಯಂತೆಯೇ ಷಟರು ಬೆವರಿದ್ದಾಗ, ಗಾಜಿನ ಆ ಕಡೆಯಿಂದ ಕೆಮ್ಮು ಕೇಳಿಸಿತು. ಸಣ್ಣದು, ಒಣಗಿದ್ದು. ಸ್ವಲ್ಪ ಬಿಟ್ಟು ಇನ್ನೊಂದು. ಬ್ಲೇಡಪ್ಪ ಮೆಷಿನ್ನು ನಿಲ್ಲಿಸಿ ಕಿವಿಯ ಹತ್ತಿರ ಕೈ ಹಿಡಿದ.

"ಕೇಳಿಸ್ತಾ? ಕೆಮ್ಮಣ್ಣನಿಗೆ ತಕ್ಕ ಕೆಮ್ಮಕ್ಕ. ಜೋಡಿ ಅಂದ್ರೆ ಹಿಂಗಿರಬೇಕು."

ದೊಡ್ಡವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಅತ್ತಿಗೆ ಬೆಂಚಿನಿಂದ ಎದ್ದಳು. ಯಾರನ್ನೂ ಬಯ್ಯಲಿಲ್ಲ. ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ಚಿಕ್ಕವಳ ಬೆನ್ನ ಹಿಂದಿನ ಗಂಟು ಬಿಚ್ಚಿ, ಅಂಟಿನ ಕಲೆಯ ಆ ಏಪ್ರನ್ನನ್ನು ತೆಗೆದು ತಾನು ಕಟ್ಟಿಕೊಂಡಳು. ಅವಳ ಕೈಯಿಂದ ಕೋಲನ್ನೂ ತೆಗೆದುಕೊಂಡಳು. ಹೋಗಿ ಹೊರಗೆ ಕೂರು ಎಂದಷ್ಟೇ ಅಂದಳು. ದೊಡ್ಡವನು ಗಾಜಿನ ತನಕ ಬಂದು, ಇದೇನು ಹುಚ್ಚು, ಯಜಮಾನನ ಹೆಂಡತಿ ತಟ್ಟೆ ಕಲಸಿದರೆ ನೋಡಿದವರು ಏನೆಂದಾರು ಎಂದು ಕೇಳಿದ. ಅವಳು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಕಲಸಿ, ಎರಡು ಡಬ್ಬದ ಮುಚ್ಚಳವನ್ನೂ ಭದ್ರ ಮಾಡಿ, ಅಂಟನ್ನು ಮೆಷಿನ್ನಿಗೆ ಬಿಟ್ಟು ಹೊರಬಂದಳು. ಗಂಡನ ಪಕ್ಕದಿಂದಲೇ ಹಾದು, ಶೆಡ್ಡಿನ ಹಿಂದಿನ ಬಾಗಿಲಿನಿಂದ ಅಂಗಳ ದಾಟಿದಳು.

ಹಿಂದಿನ ಕೋಣೆಯ ಕಿಟಕಿಯಲ್ಲಿ ಕೆಮ್ಮಣ್ಣ ಕೂತಿದ್ದ. ಏಪ್ರನ್ನನ್ನು ನೋಡಿ ಮೊದಲು ಹೆಂಡತಿ ಎಂದುಕೊಂಡ. ಅತ್ತಿಗೆ ಬಾಗಿಲಲ್ಲಿ ನಿಂತಳು. ಅವಳು ಹೇಳಬೇಕಾದ ಮಾತು ಒಂದಿತ್ತು. ಅದು ಬರಲಿಲ್ಲ, ಬಂದದ್ದು ಹಳೆಯ ಗದರಿಕೆಯ ದನಿ.

"ಹಗಲೆಲ್ಲ ಕಿಟಕಿಗೆ ಅಂಟಿಕೊಂಡು ಕೂತ್ರೆ ಆಗುತ್ತಾ? ಏಳು. ಆ ಬಾಗಿಲಿಗೆ ಯಾರೂ ಇಲ್ಲ. ನಿನ್ನ ಹೆಂಡ್ತೀನೂ ಅಲ್ಲೇ ಬೆಂಚಲ್ಲಿ ಕೂತಿದಾಳೆ, ನೀರು ಕುಡಿಸು."

ಅವನು ಏಳಲಿಲ್ಲ. "ಅಣ್ಣ ಬಿಡಲ್ಲ ಅತ್ತಿಗೆ. ಆ ಕಾರ್ಖಾನೆಯವರು ನೋಡಿದ್ರೆ ಬೇಡಿಕೆ ಹೋಗುತ್ತೆ ಅಂದಿದಾರೆ."

"ಹೋಗ್ಲಿ."

"ಅಣ್ಣ?"

"ನಿಮ್ಮಣ್ಣ ಕಾಯ್ಲಿ."

ಜೇಬಿಗೆ ಕೈ ಹಾಕಿದಳು. ಬೆರಳಿನಲ್ಲಿದ್ದ ಹಸಿ ಅಂಟು ಬೀಗದ ಕೈಗೂ ಹತ್ತಿತ್ತು. ಅದನ್ನು ಏಪ್ರನ್ನಿನ ಒಳಮಗ್ಗುಲಿನ ಚೊಕ್ಕ ಜಾಗದಲ್ಲಿ ಒರೆಸಿದಳು, ಹಲ್ಲು ಹಲ್ಲಿನ ಸಂದಿಯನ್ನೂ ಉಗುರಿನಿಂದ ಕೆರೆದು ತೆಗೆದಳು, ಮೂಸಿ ನೋಡಿದಳು. ಆಮೇಲೆ ಅವನಿಗೆ ಹಬೆ ತಾಗದಷ್ಟು ದೂರದಲ್ಲೇ ನಿಂತು, ಕೈಯನ್ನು ಉದ್ದಕ್ಕೆ ಚಾಚಿ, ಕಿಟಕಿಯ ಕಟ್ಟೆಯ ಮೇಲೆ ಅವನ ಅಂಗೈಯ ಪಕ್ಕದಲ್ಲಿ ಅದನ್ನು ಸದ್ದಾಗದಂತೆ ಇಟ್ಟಳು.